ಹುಡುಗ ಹುಡುಗಿ ಬರೀ ಫ್ರೆಂಡ್ಸ್ ಆಗಿರೋಕೆ ಆಗುತ್ತಾ?

ಮದುವೆಮನೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ತೀರ್ಥಹಳ್ಳಿ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಆಗುತ್ತದೆ. ನಾನೂ ಒಬ್ಬ ಹುಡುಗನೂ ಕಾಲೇಜಿನಿಂದ ಇವತ್ತಿನವರೆಗೆ ಸ್ನೇಹಿತರು. ಹಾಗಾದರೆ ಗೆಳತಿಯರ ಸ್ನೇಹಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಮಾತ್ರ ಉತ್ತರ ಸ್ವಲ್ಪ ಉದ್ದ.

ಪಾಲ್ ರೈಟ್ ಎಂಬ ಮನಶ್ಶಾಸ್ತ್ರಜ್ಞರು 1982ರಲ್ಲಿ ಇದನ್ನು ಚೆನ್ನಾಗಿ ಹೇಳಿದ್ದರು. ಗಂಡಸರ ಸ್ನೇಹ ಅಕ್ಕಪಕ್ಕ ನಿಂತು ಏನಾದರೂ ಮಾಡುವುದರಲ್ಲಿ ಬೆಳೆಯುತ್ತದೆ, ಹೆಂಗಸರದ್ದು ಎದುರುಬದುರು ಕೂತು ಮಾತಾಡುವುದರಲ್ಲಿ. ಆದರೆ ಸ್ನೇಹ ಹಳೆಯದಾಗಿ ಗಟ್ಟಿಯಾದಂತೆ ಈ ವ್ಯತ್ಯಾಸ ಕರಗುತ್ತದೆ ಅಂತಲೂ ಅವರೇ ಬರೆದರು. ನನ್ನ ಸ್ನೇಹಿತ ತನ್ನ ಅಪ್ಪನ ಕಾಯಿಲೆ ವಿಷಯ ಹೇಳಿದ್ದು ಬೈಕಿಗೆ ಪಂಕ್ಚರ್ ಹಾಕಿಸುವಾಗ, ನನ್ನ ಮುಖ ನೋಡದೆ. ಗೆಳತಿಯಾಗಿದ್ದರೆ ರಾತ್ರಿ ಫೋನ್ ಮಾಡಿ ಅತ್ತುಬಿಡುತ್ತಿದ್ದಳು. ಇಬ್ಬರಿಗೂ ಬೇಕಿದ್ದದ್ದು ಒಂದೇ. ಕೇಳಿಸಿಕೊಳ್ಳುವವರು ಬೇಕು, ಕೇಳಿದ್ದನ್ನು ಊರಿಗೆಲ್ಲ ಹಂಚದವರು ಬೇಕು.

ನಮ್ಮ ಮಲೆನಾಡಿನಲ್ಲಿ ಈ ಎರಡೂ ಬಗೆ ಒಂದೇ ಕಡೆ ಸೇರುವ ಜಾಗವೊಂದಿದೆ, ಅಡಿಕೆ ಸುಲಿಯುವ ಅಂಗಳ. ಕೊಯ್ದ ಹಸಿ ಅಡಿಕೆಯನ್ನು ತಡಮಾಡದೆ ಸುಲಿದು ಬೇಯಿಸಬೇಕು. ಹಾಗಾಗಿ ರಾತ್ರಿಯೂ ಕೆಲಸ ನಡೆಯುತ್ತದೆ. ಅಕ್ಕಪಕ್ಕದ ಮನೆಯ ಹುಡುಗ ಹುಡುಗಿಯರು ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಾ ಗಂಟೆಗಟ್ಟಲೆ ಮಾತಾಡುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಅದೇ ಇಬ್ಬರು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಮಸಾಲೆ ದೋಸೆ ತಿಂದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟಿರುತ್ತದೆ! ಕೆಲಸವಿದ್ದರೆ ಒಪ್ಪಿಗೆ, ಸುಮ್ನೆ ಕೂತರೆ ಅನುಮಾನ. ಈಗ ಎಷ್ಟೋ ಮನೆಗಳಿಗೆ ಸುಲಿಯುವ ಯಂತ್ರ ಬಂದಿದೆ. ಕೈಗೆ ಬಿಡುವಾಯಿತು, ಆದರೆ ಹಾಗೆ ಕೂತು ಮಾತಾಡುವ ಅವಕಾಶವೂ ಹೋಯಿತು. ನನಗೆ ಅದರ ಬಗ್ಗೆ ಬೇಸರವಿದೆ.

ನಾನು ಕಂಡ ದೊಡ್ಡ ವ್ಯತ್ಯಾಸ ಮನಸ್ಸಿನದ್ದಲ್ಲ, ಮನೆಗೆ ಮರಳುವ ಹೊತ್ತಿನದ್ದು. ನನ್ನ ಸ್ನೇಹಿತನಿಗೆ ಬೈಕ್ ಇದೆ, ಎಷ್ಟು ಹೊತ್ತಿಗೆ ಹೋದರೂ ನಡೆಯುತ್ತದೆ. ನನ್ನ ಹರಟೆ ಮುಗಿಯುವುದು ಕೊನೇ ಬಸ್ಸಿನ ಹೊತ್ತಿಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಕಡೆ ಹಳ್ಳಿ ದಾರಿಗಳಲ್ಲಿ ಓಡುವುದು ಜಾಸ್ತಿ ಖಾಸಗಿ ಬಸ್ಸು, ಅಲ್ಲಿ ಅದು ನಡೆಯುವುದಿಲ್ಲ. ತಡವಾದರೆ "ಎಲ್ಲಿದ್ದೆ, ಯಾರ ಜೊತೆಗಿದ್ದೆ" ಅಂತ ಕೇಳುವುದು ನನ್ನನ್ನು. ಅವನಿಗೆ "ಊಟ ಆಯ್ತಾ" ಅಂತಾರೆ, ಅಷ್ಟೇ. ಇಬ್ಬರೂ ಕೂತಿದ್ದು ಒಂದೇ ಕಡೆ, ಅಲ್ವಾ?

ಆಕರ್ಷಣೆಯ ಮಾತನ್ನೂ ಮುಚ್ಚಿಡುವುದಿಲ್ಲ. ಏಪ್ರಿಲ್ ಬ್ಲೆಸ್ಕೆ-ರೆಚೆಕ್ ಮತ್ತು ಅವರ ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಇಂಥ ಸ್ನೇಹದೊಳಗೆ ಹುಡುಗರಿಗೆ ಆಕರ್ಷಣೆ ಜಾಸ್ತಿ ಕಂಡಿತು. ಗೆಳತಿಗೂ ಹಾಗೇ ಅನಿಸುತ್ತಿದೆ ಅಂತ ಆ ಹುಡುಗರು ಅಂದಾಜು ಮಾಡಿದ್ದೂ ಜಾಸ್ತಿಯೇ. ನನ್ನ ಗೆಳತಿಯೊಬ್ಬಳಿಗೆ ಹೀಗಾಯಿತು. ಅವಳ ಸ್ನೇಹಿತ ಕೇಳಿದ, ಅವಳು ಇಲ್ಲ ಅಂದಳು. ಸ್ವಲ್ಪ ದಿನ ಅವನು ಮಾತು ಬಿಟ್ಟ, ಆಮೇಲೆ ತಾನಾಗಿ ಬಂದ. ಅವಳ ಮದುವೆಯಲ್ಲಿ ಬಡಿಸೋಕೆ ನಿಂತವರಲ್ಲಿ ಅವನೇ ಮೊದಲಿಗ. ಆ 'ಇಲ್ಲ' ಅನ್ನು ಅವನು ಮರ್ಯಾದೆಯಿಂದ ತೆಗೆದುಕೊಂಡಿದ್ದರಿಂದ ಸ್ನೇಹ ಉಳಿಯಿತು.

ಇತ್ತೀಚೆಗೆ ಈ ಪ್ರಶ್ನೆಯನ್ನು ಜಾಸ್ತಿ ಕೇಳುತ್ತಿರುವವರು ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳ ಅಮ್ಮಂದಿರು. ಅವರಿಗೆ ನಾನು ಹೇಳುವುದಿಷ್ಟು: ಆ ಹುಡುಗನನ್ನು ಮನೆಗೆ ಕರೆಯಿರಿ ಅಕ್ಕಾ. ಕಾಫಿ ಕೊಡಿ, ಅವನ ಮನೆಯವರ ಬಗ್ಗೆ ವಿಚಾರಿಸಿ. ಮಗಳು ಅವನನ್ನು ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಹೆದರಿಕೊಂಡು ಮಾತಾಡಿಸುವ ಹಾಗೆ ಮಾಡಬೇಡಿ.