ನಿಂತುಹೋದ ಕತ್ತಿ

ನಿನ್ನೆ ರಾತ್ರಿ ಸಿನಿಮಾ ನೋಡುತ್ತಿದ್ದಾಗ ಪರದೆಯ ಮೇಲಿನ ಚಿತ್ರ ಥಟ್ಟನೆ ನಿಂತುಹೋಯಿತು. ಇಂಟರ್‌ನೆಟ್ ಕೈಕೊಟ್ಟಿತೆಂದು ಭಾವಿಸಿ ರೌಟರ್ ನೋಡಲು ಎದ್ದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸಿನಿಮಾವೇ ಮುಗಿದಿತ್ತು.

ಅದು ಕಿಹಾಚಿ ಒಕಮೊಟೊ 1966ರಲ್ಲಿ ಕಪ್ಪು ಬಿಳುಪಿನಲ್ಲಿ ನಿರ್ದೇಶಿಸಿದ ಜಪಾನಿ ಚಿತ್ರ ‘ದಿ ಸ್ವೋರ್ಡ್ ಆಫ್ ಡೂಮ್’. ಕಣಿವೆದಾರಿಯಲ್ಲಿ ಪ್ರಾರ್ಥಿಸುತ್ತಿದ್ದ ಮುದುಕ ಯಾತ್ರಿಕನನ್ನು ಕಾರಣವೇ ಇಲ್ಲದೆ ಕೊಲ್ಲುವ ರ್ಯುನೊಸುಕೆ ಎಂಬ ಸಮುರಾಯ್, ಅಂದರೆ ಹಳೆಯ ಜಪಾನಿನ ಕತ್ತಿಯೋಧ, ಇದರ ನಾಯಕ. ತತ್ಸುಯ ನಕಡಾಯ್ ಅವನ ಪಾತ್ರವನ್ನು ಬಹುತೇಕ ಕಣ್ಣುಗಳಿಂದಲೇ ನಿರ್ವಹಿಸಿದ್ದಾರೆ. ಕೊನೆಯಲ್ಲಿ, ಬಿದಿರಿನ ಪರದೆಗಳ ಹಿಂದೆ ತಾನು ಕೊಂದವರ ನೆರಳುಗಳು ಕಾಣತೊಡಗಿದಾಗ ಅವನು ಮೊದಲು ಆ ಪರದೆಗಳನ್ನೂ, ಅನಂತರ ಎದುರಿಗೆ ಬಂದ ಮನುಷ್ಯರನ್ನೂ ಕಡಿಯುತ್ತ ಹೋಗುತ್ತಾನೆ. ಗಾಯಗೊಂಡು ತೂರಾಡುತ್ತಲೇ ಮತ್ತೊಮ್ಮೆ ಕತ್ತಿ ಬೀಸುವ ಕ್ಷಣದಲ್ಲಿ ಚಿತ್ರ ಹೆಪ್ಪುಗಟ್ಟುತ್ತದೆ.

ಅವನು ಸತ್ತನೇ? ಅವನ ಮೇಲೆ ಸೇಡು ತೀರಿಸಿಕೊಳ್ಳಲು ಕಾಯುತ್ತಿದ್ದ ಯುವಕನ ಗತಿಯೇನಾಯಿತು? ಉತ್ತರವಿಲ್ಲ. ಮುಂದಿನ ಭಾಗಗಳನ್ನು ತೆಗೆಯುವ ಯೋಜನೆಯಿತ್ತಾದರೂ ಅವು ಬರಲೇ ಇಲ್ಲ. ಮೂಲ ಕಾದಂಬರಿಯ ಕಥೆಯೂ ಹೀಗೆಯೇ: ಕೈಝಾನ್ ನಕಝಾಟೊ 1913ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಆರಂಭಿಸಿದ ಆ ಬೃಹತ್ ಕೃತಿ, 1944ರಲ್ಲಿ ಅವರು ತೀರಿಕೊಂಡಾಗಲೂ ಮುಗಿದಿರಲಿಲ್ಲ.

ನಿರ್ದೇಶಕ ಅಕಿರ ಕುರೊಸಾವಾರ ‘ಸೆವೆನ್ ಸಮುರಾಯ್’ ಚಿತ್ರದ ಸಮುರಾಯ್‌ಗಳು ಊರನ್ನು ಉಳಿಸಿ, ಸತ್ತವರನ್ನು ಮಣ್ಣುಮಾಡಿ, ನಮ್ಮನ್ನು ಒಂದು ದಡಕ್ಕೆ ತಲುಪಿಸುತ್ತಾರೆ. ರ್ಯುನೊಸುಕೆಗೆ ಯಾರನ್ನೂ ಎಲ್ಲಿಗೂ ತಲುಪಿಸುವ ಇರಾದೆಯಿಲ್ಲ. ಬಹುಶಃ ಅದಕ್ಕಾಗಿಯೇ, ನಿದ್ದೆ ಮುಂದೂಡಿ, ಕೊನೆಯ ಹತ್ತು ನಿಮಿಷಗಳನ್ನು ಮತ್ತೆ ನೋಡಿದೆ. ಈ ಬಾರಿ ಕುರ್ಚಿಯಿಂದ ಏಳಲಿಲ್ಲ.