ಕೋಡ್ ಉಳಿಯಿತು, ಮಾತು ಹೋಯಿತು

ನಮ್ಮದು ದಾವಣಗೆರೆಯ ವಿದ್ಯಾನಗರದಲ್ಲಿರುವ ಐದು ಜನರ ಸಾಫ್ಟ್‌ವೇರ್ ಆಫೀಸು. ಎಪಿಎಂಸಿಯ ದಲ್ಲಾಳಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದು ಹೊಟ್ಟೆಪಾಡು. ಅದರ ಜೊತೆಗೆ ಒಂದು ಓಪನ್ ಸೋರ್ಸ್ ಕೆಲಸವೂ ಇದೆ, ಅಂದರೆ ಯಾರು ಬೇಕಾದರೂ ನೋಡಿ, ಬಳಸಿ, ತಿದ್ದಬಹುದಾದ ಕೆಲಸ. ಅದನ್ನು ನೋಡಿಕೊಳ್ಳುವುದು ನಾನು. ಅಂಗಡಿಯವರು ಕನ್ನಡದಲ್ಲಿ ಪತ್ರ ಟೈಪ್ ಮಾಡಿದಾಗ ಮೆಕ್ಕೆಜೋಳ, ಹಮಾಲಿ, ಮಂಡಕ್ಕಿ ಅಂತ ಬರೆದಲ್ಲೆಲ್ಲ ಕೆಂಪು ಗೆರೆ ಬೀಳುತ್ತಿತ್ತು. ದಿನಾ ಆಡುವ ಮಾತನ್ನು ಕಂಪ್ಯೂಟರ್ ತಪ್ಪು ಅಂದರೆ ಬೇಜಾರಾಗುತ್ತೆ, ಅಲ್ವಾ? ಹಾಗಾಗಿ ಕಾಗುಣಿತ ತಿದ್ದುವ ಪದಪಟ್ಟಿಯೊಂದನ್ನು ಶುರು ಮಾಡಿದೆವು. ಲಿಬ್ರೆ ಆಫೀಸ್ ಮತ್ತು ಫೈರ್‌ಫಾಕ್ಸ್ ಎರಡೂ ಬಳಸುವ ಹನ್‌ಸ್ಪೆಲ್ ಅನ್ನುವ ಕಾಗುಣಿತ ಸಾಫ್ಟ್‌ವೇರಿಗೆ ಹೊಂದುವಂಥ ಪಟ್ಟಿ.

ಸಾಧನ ಆರಿಸುವಾಗ ನಾನು ಮೊದಲು ನೋಡಿದ್ದು ಒಂದೇ ವಿಷಯ. ಎಲ್ಲವೂ ನಮ್ಮ ಕೈಯಲ್ಲೇ ಇರಬೇಕು. ಆಫೀಸಿನ ಹಳೆ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರ ಮೇಲೆ ಗಿಟ್‌ಟೀ ಕೂರಿಸಿದೆ. ಫೈಲುಗಳ ಪ್ರತಿ ಬದಲಾವಣೆಯನ್ನೂ ನೆನಪಿಡುವ ಗಿಟ್ ಅನ್ನುವ ಸಾಧನವನ್ನು ಹಲವರು ಸೇರಿ ಬಳಸಲು ಬೇಕಾದ ಸರ್ವರ್ ಸಾಫ್ಟ್‌ವೇರ್ ಅದು. ಕೋಡ್ ಇಡಲು, ತಿದ್ದುಪಡಿ ನೋಡಲು, ಚರ್ಚೆ ಮಾಡಲು ಎಲ್ಲಕ್ಕೂ ಅದೊಂದೇ ಸಾಕಿತ್ತು. ಬಿಐಇಟಿ, ಯುಬಿಡಿಟಿ ಕಾಲೇಜಿನ ಕೆಲವು ಹುಡುಗರು ಸೇರಿಕೊಂಡರು. ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಪದಗಳ ಬಗ್ಗೆ ಸಲಹೆ ಕೊಡುತ್ತಿದ್ದರು.

ಮೊದಲ ತಲೆನೋವು ಹನ್‌ಸ್ಪೆಲ್ ಫೈಲಿನದ್ದೇ. ಆ ಫೈಲಿನ ಮೊದಲ ಸಾಲಿನಲ್ಲಿ ಒಟ್ಟು ಎಷ್ಟು ಪದ ಇವೆ ಅಂತ ಸಂಖ್ಯೆ ಇರುತ್ತದೆ. ಇಬ್ಬರು ಬೇರೆ ಬೇರೆ ಪದ ಸೇರಿಸಿದರೂ ಇಬ್ಬರೂ ಮೊದಲ ಸಾಲನ್ನು ಬದಲಿಸಿರುತ್ತಾರೆ. ಸಂಖ್ಯೆ ಬೇರೆಯಾದರೆ ಗಿಟ್ ಅಲ್ಲೇ ನಿಂತು ಮರ್ಜ್ ಕಾನ್‌ಫ್ಲಿಕ್ಟ್, ಅಂದರೆ ಎರಡನ್ನೂ ತಾನಾಗಿ ಸೇರಿಸಲಾರೆ, ಅನ್ನುತ್ತದೆ. ಜೊತೆಗೆ ಎಲ್ಲರೂ ಹೊಸ ಪದವನ್ನು ಕೊನೆಯಲ್ಲೇ ಸೇರಿಸುತ್ತಿದ್ದರಿಂದ ಅಲ್ಲೂ ಜಗಳ. ಕೊನೆಗೆ ಪದಗಳನ್ನು ಅಕ್ಷರಕ್ಕೊಂದರಂತೆ ಸಣ್ಣ ಫೈಲುಗಳಾಗಿ ಒಡೆದು, ಅಕಾರಾದಿಯಾಗಿ ಜೋಡಿಸಿದೆವು. ಸಂಖ್ಯೆ ಹಾಕಿ ದೊಡ್ಡ ಫೈಲು ಕಟ್ಟುವ ಕೆಲಸವನ್ನು ಒಂದು ಸ್ಕ್ರಿಪ್ಟಿಗೆ ಬಿಟ್ಟೆವು. ಫೈಲುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೆವು. ಗಿಟ್ ಅವನ್ನು ಹೆಸರಾಗಿ ತೋರಿಸದೆ ಬರೀ ಅಂಕಿಗಳ ಸಾಲು ತೋರಿಸಿತು. ಕ ಅಕ್ಷರಕ್ಕೆ 340, 262, 225 ಅಂತ. ಕೋಟ್‌ಪಾತ್ ಅನ್ನುವ ಸೆಟ್ಟಿಂಗ್ ಆಫ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಒಬ್ಬ ಹುಡುಗ ವಾರಗಟ್ಟಲೆ ಬಂದಿರಲಿಲ್ಲ.

ಇವೆಲ್ಲ ಸರಿಹೋಗುವಂಥ ತೊಂದರೆಗಳು. ಸರಿಹೋಗದ್ದು ಆಮೇಲೆ ಬಂತು.

ಒಂದು ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡಿತು. ಆ ಹಳೆ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ಮೊದಲಿಗೆ ನಾನು ಹೆದರಲಿಲ್ಲ. ಗಿಟ್ ಇರುವುದೇ ಹಾಗೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ಬರೆದಾಗಲೇ ಪ್ರತಿಯೊಬ್ಬರ ಹತ್ತಿರವೂ ಪೂರ್ತಿ ಇತಿಹಾಸ ಇರುವಂತೆ ಕಟ್ಟಿದ್ದರು. ನನ್ನ ಲ್ಯಾಪ್‌ಟಾಪಿನಿಂದ ಹತ್ತು ನಿಮಿಷದಲ್ಲಿ ಎಲ್ಲ ಪದ ವಾಪಸ್ ಬಂತು. ಆದರೆ ಚರ್ಚೆ ಬರಲಿಲ್ಲ. ಯಾವ ಪದ ಯಾಕೆ ಸೇರಿತು, ಯಾವುದನ್ನು ಯಾಕೆ ಬಿಟ್ಟೆವು ಅನ್ನುವ ಮಾತುಕತೆ ಗಿಟ್‌ನಲ್ಲಿ ಇರುವುದಿಲ್ಲ. ಅದು ಸರ್ವರಿನ ಡೇಟಾಬೇಸಿನಲ್ಲಿ ಇರುತ್ತದೆ. ಅದಕ್ಕೆ ನಾನು ಬ್ಯಾಕಪ್ ಇಟ್ಟಿರಲಿಲ್ಲ. ಕೋಡ್ ಎಲ್ಲರ ಹತ್ತಿರ ಇತ್ತು, ಮಾತು ಒಂದೇ ಕಡೆ ಇತ್ತು.

ಅದರ ಪೆಟ್ಟು ತಕ್ಷಣ ತಿಳಿಯಲಿಲ್ಲ. ನಮ್ಮೂರಲ್ಲಿ ಮಂಡಕ್ಕಿ ಹುರಿಯುವ ಜಾಗಕ್ಕೆ ಕೆಲವರು ಭಟ್ಟಿ ಅಂತ ಬರೆಯುತ್ತಾರೆ, ಕೆಲವರು ಬಟ್ಟಿ ಅಂತ. ಅಂಗಡಿ ಬೋರ್ಡುಗಳಲ್ಲೂ ಎರಡೂ ಇವೆ. ಮೇಷ್ಟ್ರು ಇದರ ಬಗ್ಗೆ ಉದ್ದಕ್ಕೆ ಬರೆದಿದ್ದರು. ಎರಡೂ ಇರಲಿ, ಜನ ಬರೆಯುವುದನ್ನು ತಪ್ಪು ಅನ್ನುವ ಹಕ್ಕು ನಮಗಿಲ್ಲ ಅನ್ನುವುದು ಅವರ ವಾದ. ನಾವೆಲ್ಲ ಒಪ್ಪಿದ್ದೆವು. ಡಿಸ್ಕ್ ಹೋಗಿ ಕೆಲವು ತಿಂಗಳಾದ ಮೇಲೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಬಟ್ಟಿಯನ್ನು ತಪ್ಪು ಅಂತ ತೆಗೆದುಹಾಕಿದಳು. ಅವಳ ತಪ್ಪೇನಿಲ್ಲ, ಅವಳಿಗೆ ಓದಲು ಏನೂ ಇರಲಿಲ್ಲ. ನಾನೂ ಗಮನಿಸದೆ ಒಪ್ಪಿಬಿಟ್ಟೆ. ಮೇಷ್ಟ್ರಿಗೆ ಗೊತ್ತಾದಾಗ ಅವರು ಸಿಟ್ಟಾಗಲಿಲ್ಲ, ಸುಮ್ಮನಾದರು. ಆಮೇಲೆ ಎರಡು ತಿಂಗಳು ಪದ ಕಳಿಸಲಿಲ್ಲ. ನನಗೆ ಡಿಸ್ಕಿಗಿಂತ ಜಾಸ್ತಿ ನೋವಾಗಿದ್ದು ಅದು.

ಮತ್ತೆ ಸಾಧನ ಆರಿಸಲು ಕೂತಾಗ ನನ್ನ ಪ್ರಶ್ನೆ ಬದಲಾಗಿತ್ತು. ಇದು ಮುಚ್ಚಿಹೋದರೆ ನಾವು ಏನನ್ನು ಎತ್ತಿಕೊಂಡು ಹೊರಡಬಹುದು? ದೊಡ್ಡವರೂ ಮುಚ್ಚುತ್ತಾರೆ. ಕೋಡ್ ಇಡುವ ತಾಣವಾದ ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು. ಅಂಥದ್ದೇ ಇನ್ನೊಂದು ತಾಣ ಬಿಟ್‌ಬಕೆಟ್ 2020ರಲ್ಲಿ ಗಿಟ್‌ನಂಥ ಮರ್ಕ್ಯುರಿಯಲ್ ಅನ್ನುವ ಸಾಧನವನ್ನು ಕೈಬಿಟ್ಟಿತು. ಮಾತಾಡಲು ಸ್ಲ್ಯಾಕ್ ಇರಲಿ ಅಂತ ಹುಡುಗರು ಕೇಳಿದರು. ಅದರ ಉಚಿತ ಪ್ಲಾನಿನಲ್ಲಿ ಹಿಂದಿನ 90 ದಿನದ ಮಾತು ಮಾತ್ರ ಕಾಣುತ್ತದೆ. ಭಟ್ಟಿಯ ಚರ್ಚೆ ಅಲ್ಲೂ ಉಳಿಯುತ್ತಿರಲಿಲ್ಲ, ಹಾಗಾಗಿ ಬೇಡ ಅಂದೆ.

ಗಿಟ್‌ನಂಥದ್ದೇ ಇನ್ನೊಂದು ಸಾಧನ ಫಾಸಿಲ್ ನನಗೆ ತುಂಬಾ ಹಿಡಿಸಿತು. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಬರೆದ ರಿಚರ್ಡ್ ಹಿಪ್ ಅವರೇ ಇದನ್ನೂ ಮಾಡಿದ್ದು. ಎಸ್‌ಕ್ಯೂಲೈಟ್ ಬೆಳೆಯುವುದೂ ಇದರಲ್ಲೇ. ಕೋಡ್, ದೂರುಗಳು, ವಿಕಿ ಎಲ್ಲ ಒಂದೇ ಫೈಲಿನಲ್ಲಿ ಕೂರುತ್ತವೆ. ನಕಲು ತೆಗೆದುಕೊಂಡವರಿಗೆ ಚರ್ಚೆಯೂ ಸಿಗುತ್ತದೆ. ನಮಗಾದ ಗಾಯಕ್ಕೆ ಸರಿಯಾದ ಔಷಧ ಇದೇ ಅಂತ ಎರಡು ದಿನ ಅದರಲ್ಲೇ ಮುಳುಗಿದ್ದೆ. ಆದರೆ ಕಾಲೇಜಿನ ಹುಡುಗರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಗಿಟ್ ಬಳಸಿ ಕೋಡ್ ಇಡುವ ತಾಣ ಗಿಟ್‌ಹಬ್‌ನ ಖಾತೆ ಎಲ್ಲರ ಹತ್ತಿರ ಇತ್ತು. ಸಂಜೆ ಒಂದು ಗಂಟೆ ಬಿಡುವು ಮಾಡಿಕೊಂಡು ಬರುವವರಿಗೆ ಹೊಸ ಸಾಧನ ಕಲಿಯಿರಿ ಅನ್ನಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಗಿಟ್‌ಹಬ್‌ಗೇ ಹೋದೆವು. 2018ರಿಂದ ಅದು ಮೈಕ್ರೋಸಾಫ್ಟ್ ಕೈಯಲ್ಲಿದೆ, ಅದರ ಕೋಡ್ ನಮ್ಮದರಂತೆ ತೆರೆದಿಲ್ಲ ಅನ್ನುವುದು ನನಗೆ ಈಗಲೂ ಚುಚ್ಚುತ್ತದೆ. ಅದಕ್ಕೇ ಕೋಡ್ ಇಡುವ ಇನ್ನೊಂದು ತಾಣವಾದ ಕೋಡ್‌ಬರ್ಗ್‌ನಲ್ಲಿ ಒಂದು ನಕಲು ಇಟ್ಟಿದ್ದೇವೆ. ನಕಲಿನಲ್ಲಿ ಹೋಗುವುದು ಕೋಡ್ ಮಾತ್ರ. ಹಾಗಾಗಿ ಒಂದು ಸ್ಕ್ರಿಪ್ಟು ವಾರಕ್ಕೊಮ್ಮೆ ಎಲ್ಲ ಚರ್ಚೆಯನ್ನೂ ಇಳಿಸಿ ಪಠ್ಯ ಫೈಲಾಗಿ ಪದಪಟ್ಟಿಯ ಪಕ್ಕದಲ್ಲೇ ಇಡುತ್ತದೆ. ಅದಲ್ಲದೆ ನಿರ್ಧಾರಗಳು ಅಂತ ಒಂದು ಫೈಲು ಮಾಡಿದ್ದೇವೆ. ಪದ, ತಾರೀಖು, ಯಾಕೆ ಅನ್ನುವುದು ಎರಡು ಮೂರು ಸಾಲಿನಲ್ಲಿ. ವಾಟ್ಸಾಪಿನಲ್ಲಿ ಮಾತಾಡಿದರೂ ಪರವಾಗಿಲ್ಲ, ಆದರೆ ಈ ಫೈಲಿಗೆ ಬರುವ ತನಕ ಅದು ನಿರ್ಧಾರ ಅಲ್ಲ.

ಮೇಷ್ಟ್ರಿಗೆ ಮಾತ್ರ ಖಾತೆ ಮಾಡಿಕೊಡಲಿಲ್ಲ. ಅವರು ಹಾಳೆಯಲ್ಲಿ ಬರೆಯುತ್ತಾರೆ, ನಾನು ಟೈಪ್ ಮಾಡುತ್ತೇನೆ, ಕಾರಣವನ್ನು ಅವರ ಮಾತಿನಲ್ಲೇ ಸೇರಿಸುತ್ತೇನೆ. ಆ ಫೈಲಿನಲ್ಲಿ ಮೊದಲು ಬರೆದಿದ್ದು ಭಟ್ಟಿ ಮತ್ತು ಬಟ್ಟಿಯ ವಿಷಯ. ಅವರ ಮನೆಗೆ ಹೋಗಿ, ಅವರು ನೆನಪಿನಿಂದ ಹೇಳಿದ್ದನ್ನು ಮತ್ತೆ ಬರೆದುಕೊಂಡು ಬಂದೆ. ಈ ವಾರ ಹತ್ತಿ ಗಿರಣಿಯ ಕಾಲದ ಪದಗಳ ಎರಡು ಹಾಳೆ ಕಳಿಸಿದ್ದಾರೆ. ಇವತ್ತು ಸಂಜೆ ಆ ಹುಡುಗಿ ಅವನ್ನು ಟೈಪ್ ಮಾಡಲು ಬರುತ್ತಿದ್ದಾಳೆ.