ಅಪ್ಪನ ಬೆರಳಿಗೆ ಗೊತ್ತಿದ್ದ ಇಂಗ್ಲಿಷ್

ಕಳೆದ ಭಾನುವಾರ ನಮ್ಮ ನಡುಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ, ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಮಣೆಯನ್ನು ಹರಡಿಕೊಂಡು, ತನ್ನ ಪಾಲಿಗೆ ಬಂದ ಎ, ಸಿ, ಐ, ಎನ್, ಓ, ಟಿ, ಯು ಎಂಬ ಏಳು ಬಿಲ್ಲೆಗಳನ್ನು ಹಿಂದೆ ಮುಂದೆ ಮಾಡುತ್ತ ಕುಳಿತಿದ್ದ. ಕ್ರಿಯೆ ಎಂಬರ್ಥದ ‘ಆ್ಯಕ್ಷನ್’ ಅವನಿಗೆ ಆಗಲೇ ಸಿಕ್ಕಿತ್ತು. ಆದರೆ ಅದಕ್ಕೆ ಆರೇ ಅಕ್ಷರ ಸಾಕಾಗಿ ಯು ಉಳಿದುಬಿಡುತ್ತಿತ್ತು, ಏಳನ್ನೂ ಒಮ್ಮೆಗೇ ಇಟ್ಟವರಿಗೆ ದೊರೆಯುವ ಹೆಚ್ಚುವರಿ 50 ಅಂಕ ಕೈತಪ್ಪುತ್ತಿತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ತಾತ, ಇದು ಇಂಗ್ಲಿಷು, ನಿಂಗೆ ಬರಲ್ಲ” ಎಂದ ಹುಡುಗ. ಭಾವ ನಕ್ಕರು. ನಾನು ಸುಮ್ಮನಿದ್ದೆ.

ಅಪ್ಪ ಮರುಮಾತಾಡದೆ ತೋರುಬೆರಳಿನಿಂದ ಉಳಿದಿದ್ದ ಯುವನ್ನು ಎಳೆದು ಎ ಅಕ್ಷರದ ಪಕ್ಕಕ್ಕೆ ಸೇರಿಸಿದರು. ಹರಾಜು ಎಂಬರ್ಥದ ‘ಆಕ್ಷನ್’ ಆಯಿತು. ಹುಡುಗ ಬಾಯಿ ತೆರೆಯುವ ಮೊದಲೇ ಮೂರನೆಯ ಜಾಗದಲ್ಲಿದ್ದ ಸಿಯನ್ನು ಎತ್ತಿ ಸಾಲಿನ ಮೊದಲಿಗೆ ಇಟ್ಟರು. ‘ಕಾಷನ್’ ಆಯಿತು. “ಹರಾಜು ನೋಟೀಸು ಬ್ಯಾಂಕಿಂದ ವಾರವಾರವೂ ಬರೋದು. ಇನ್ನೊಂದು ಕಾಲೇಜು ರಸೀದೀಲಿ ಡಿಪಾಸಿಟ್ಟಿನ ಹಿಂದೆ ಬರೋದು. ಅದರ ಅರ್ಥ ನಂಗೊತ್ತಿಲ್ಲ ಮಗು” ಎಂದರು.

ಅಪ್ಪ ಓದಿದ್ದು ಏಳನೆಯ ತರಗತಿಯವರೆಗೆ, ಕನ್ನಡ ಶಾಲೆಯಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಪ್ರೆಸ್ಸಿಗೆ ಸೇರಿ, ಸೀಸದ ಅಚ್ಚುಮೊಳೆಗಳ ಕಾಲ ಮುಗಿಯುವವರೆಗೂ ಕಂಪೋಸಿಟರ್, ಅಂದರೆ ಮೊಳೆ ಜೋಡಿಸುವವರು, ಆಗಿದ್ದರು. ಎಡಗೈಯಲ್ಲಿ ಸ್ಟಿಕ್ ಎಂಬ ಸಣ್ಣ ತಟ್ಟೆ ಹಿಡಿದು, ಬಲಗೈಯಿಂದ ಮೊಳೆಗಳನ್ನು ಆರಿಸಿ, ತಲೆಕೆಳಗಾದ ಅಕ್ಷರಗಳನ್ನು ಸಾಲಾಗಿ ಕೂಡಿಸುತ್ತಿದ್ದರು. ಮೊಳೆಗಳನ್ನು ಗೂಡುಗೂಡಾಗಿ ಇಡುವ ಕನ್ನಡದ ಕೇಸುಗಳಲ್ಲಿ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಬಗೆಯ ಮೊಳೆಗಳಿರುತ್ತಿದ್ದವು. ಇಂಗ್ಲಿಷಿನದು ಅದರ ಮುಂದೆ ಮಕ್ಕಳಾಟ ಎಂದು ಅವರು ಅಂದಿದ್ದುಂಟು. ಇಂಗ್ಲಿಷ್ ಕೇಸಿನಲ್ಲಿ ಇ ಅಕ್ಷರದ ಮನೆ ಎಲ್ಲಕ್ಕಿಂತ ದೊಡ್ಡದು ಮತ್ತು ಕೈಗೆ ಹತ್ತಿರ, ಝಡ್ ಮತ್ತು ಕ್ಯೂ ಮೂಲೆಯ ಸಣ್ಣ ಗೂಡುಗಳಲ್ಲಿ. ಯಾವ ಅಕ್ಷರ ಎಷ್ಟು ಬೇಕಾಗುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ ಎಂಬುದು ಅವರ ತೋಳಿಗೆ ಅಭ್ಯಾಸವಾಗಿತ್ತು.

ಆ ಆಟವೂ ಹುಟ್ಟಿದ್ದು ಇದೇ ಲೆಕ್ಕದಿಂದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ನ್ಯೂಯಾರ್ಕಿನ ವಾಸ್ತುಶಿಲ್ಪಿ ಆಲ್‌ಫ್ರೆಡ್ ಬಟ್ಸ್, ದಿನಪತ್ರಿಕೆಗಳ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅದರಂತೆ ಬಿಲ್ಲೆಗಳ ಸಂಖ್ಯೆಯನ್ನೂ ಬೆಲೆಯನ್ನೂ ನಿಗದಿ ಮಾಡಿದರು. ಆದ್ದರಿಂದಲೇ 100 ಬಿಲ್ಲೆಗಳಲ್ಲಿ ಇ 12 ಇವೆ, ಅಂಕ ಒಂದೇ. ಕ್ಯೂ ಮತ್ತು ಝಡ್ ಒಂದೊಂದೇ, ಅಂಕ ಹತ್ತು ಹತ್ತು. ಬಟ್ಸ್ ಪತ್ರಿಕೆಗಳಿಂದ ಎಣಿಸಿ ತೆಗೆದ ಈ ಲೆಕ್ಕವನ್ನು ಮೊಳೆ ಜೋಡಿಸುವವರು ದಿನವೂ ಬೆರಳಿನಲ್ಲಿ ಮಾಡುತ್ತಿದ್ದರು. ಅದನ್ನು ಯಾರೂ ವಿದ್ಯೆ ಎಂದು ಕರೆಯಲಿಲ್ಲ.

“ನಿಂಗೆ ಬರಲ್ಲ.” ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನು ಹೇಳಿದ್ದು ತಾನು ಕೇಳಿ ಬೆಳೆದ ಮಾತು. ಭಾವ ಒಳ್ಳೆಯವರು, ಅಕ್ಕನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ, ಆದರೆ ಇಂಗ್ಲಿಷ್ ಮಾತನಾಡಲು ಬಾರದವರ ಎದುರು ಅವರ ಧ್ವನಿ ತಾನಾಗಿಯೇ ಸ್ವಲ್ಪ ಏರುತ್ತದೆ, ಕಿವಿ ಕೇಳದವರೊಡನೆ ಮಾತಾಡುವಂತೆ. ಅದು ನನಗೆ ಮೊದಲಿನಿಂದಲೂ ಹಿಡಿಸಿಲ್ಲ. ಹಾಗೆಂದು ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಪಿಯುಸಿಗೆ ಸೇರುವಾಗ ಪ್ರವೇಶದ ಅರ್ಜಿಯನ್ನು ತುಂಬಿಸಲು ನಾನು ಅಪ್ಪನನ್ನು ದಾಟಿಕೊಂಡು ಪಕ್ಕದ ಮನೆಯ ಮೇಷ್ಟರ ಬಳಿಗೆ ಹೋಗಿದ್ದೆ. ಆ ಅರ್ಜಿ ಅಪ್ಪನ ಪ್ರೆಸ್ಸಿನಲ್ಲೇ ಅಚ್ಚಾಗಿತ್ತು, ಅದರ ಒಂದೊಂದು ಅಕ್ಷರವನ್ನೂ ಜೋಡಿಸಿದ್ದು ಅಪ್ಪನೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿದ್ದೆ.

ಅರ್ಥ ತಿಳಿಯದೆ ಪದ ಜೋಡಿಸಿದರೆ ಅದೆಂಥ ತಿಳಿವಳಿಕೆ ಎಂದು ಕೇಳುವವರಿದ್ದಾರೆ, ಭಾವನೂ ಊಟದ ಹೊತ್ತಿಗೆ ಅದನ್ನೇ ಕೇಳಿದರು. 2015ರಲ್ಲಿ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದೆಯೇ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪ್ರಶಸ್ತಿ ಗೆದ್ದರು; 2024ರಲ್ಲಿ ಸ್ಪ್ಯಾನಿಷ್‌ನಲ್ಲಿಯೂ ಹಾಗೆಯೇ ಗೆದ್ದರು. ನಿಘಂಟಿನ ಪದಗಳನ್ನು ರೂಪದಿಂದಷ್ಟೇ ನೆನಪಿಟ್ಟುಕೊಂಡ ಅವರನ್ನು ಜಗತ್ತು ಪ್ರತಿಭಾವಂತರೆಂದು ಕೊಂಡಾಡಿತು, ಕೊಂಡಾಡಬೇಕಾದದ್ದೇ. ಅದೇ ಬಗೆಯ ನೆನಪನ್ನು ಸೀಸದ ಧೂಳಿನಲ್ಲಿ ನಿಂತು ಮೂವತ್ತು ವರ್ಷಕ್ಕೂ ಮೀರಿ ದುಡಿಸಿದವರಿಗೆ ಮಾತ್ರ ಬರುವುದಿಲ್ಲ ಎಂದೆವು. ಪದದ ಅರ್ಥ ಬಲ್ಲವರು ಅದರ ಮೈಯನ್ನು ನೋಡುವುದೇ ಕಡಿಮೆ. ನಾನು ಎಷ್ಟೋ ವರ್ಷಗಳಿಂದ ಆ ಎರಡು ಪದಗಳನ್ನು ಬಳಸಿದ್ದೇನೆ, ಒಂದೇ ಒಂದು ಅಕ್ಷರ ಸರಿದರೆ ಹರಾಜು ಎಚ್ಚರಿಕೆಯಾಗುತ್ತದೆಂದು ನನಗೆಂದೂ ಕಂಡಿರಲಿಲ್ಲ.

ಕಾಷನ್ ಎಂದರೆ ಎಚ್ಚರಿಕೆ ಎಂದು ಹುಡುಗ ಹೇಳಿಕೊಟ್ಟ. ಅಪ್ಪ ಎರಡು ಸಲ ಅಂದುಕೊಂಡರು. ಆಮೇಲೆ ಅವನು ತಾತನನ್ನು ಬಿಡಲಿಲ್ಲ. ರಾತ್ರಿಯವರೆಗೂ ಇಬ್ಬರೂ ಒಂದೇ ಪಕ್ಷವಾಗಿ ನನ್ನ ಮತ್ತು ಭಾವನ ವಿರುದ್ಧ ಆಡಿದರು.

ಆಟ ಮುಗಿದ ಮೇಲೆ ಅಪ್ಪ ಮಣೆಯ ಮೇಲಿದ್ದ ಬಿಲ್ಲೆಗಳನ್ನು ಎತ್ತಿ, ಎ ಗಳನ್ನೆಲ್ಲ ಒಂದು ಕಡೆ, ಬಿ ಗಳನ್ನು ಇನ್ನೊಂದು ಕಡೆ ಗುಡ್ಡೆ ಮಾಡತೊಡಗಿದರು. ಅಚ್ಚು ಮುಗಿದ ಮೇಲೆ ಮೊಳೆಗಳನ್ನು ತೊಳೆದು ಅವುಗಳ ಮನೆಗಳಿಗೆ ಹಂಚುತ್ತಿದ್ದ ಕೈ ಅದು. “ತಾತ, ಹಾಗಲ್ಲ, ಎಲ್ಲಾನೂ ಕಲಸಿ ಚೀಲಕ್ಕೆ ಹಾಕಬೇಕು” ಎಂದ ಹುಡುಗ. ಅಪ್ಪ ಹನ್ನೆರಡು ಇ ಗಳನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಆಮೇಲೆ ಚೀಲಕ್ಕೆ ಸುರಿದರು.